ಮೊಬೈಲ್ ಸ್ಕ್ರೀನ್ ಯಾವ ಬಗೆಯದು ಅನ್ನೋದರಿಂದ ಮೆದುಳಿಗೆ ವ್ಯತ್ಯಾಸ ಆಗುತ್ತಾ?

ಸಾಗರದಲ್ಲಿರುವ ಅಪ್ಪನಿಗೆ ಹೊಸ ಫೋನ್ ಕೊಡಿಸಬೇಕು, ಅದರ ಸ್ಕ್ರೀನ್ ಎಲ್‌ಸಿಡಿಯೋ ಓಎಲ್‌ಇಡಿಯೋ ಅಂತ ಕೇಳಿದ್ದೀರಿ. ಒಂದಕ್ಕಿಂತ ಇನ್ನೊಂದು ಮೆದುಳಿಗೆ ಒಳ್ಳೆಯದು ಅನ್ನೋಕೆ ಆಧಾರ ಇಲ್ಲ. ಬೆಳಕು ತೀರಾ ಕಡಿಮೆ ಇಟ್ಟಾಗ ಕೆಲವು ಓಎಲ್‌ಇಡಿ ಸ್ಕ್ರೀನ್‌ಗಳು ಕಣ್ಣಿಗೆ ಗೊತ್ತಾಗದಷ್ಟು ವೇಗವಾಗಿ ಮಿನುಗುತ್ತವೆ. ಕೆಲವರಿಗೆ ಅದರಿಂದ ತಲೆನೋವು ಬರುತ್ತದೆ, ಅಷ್ಟೇ.

ನೋಡಬೇಕಾದ್ದು ಅಪ್ಪ ಅದರಲ್ಲಿ ಏನು ಮಾಡುತ್ತಾರೆ ಅನ್ನೋದನ್ನು. ಬ್ರಿಟನ್ನಿನಲ್ಲಿ 60 ದಾಟಿದ 1.45 ಲಕ್ಷಕ್ಕೂ ಹೆಚ್ಚು ಜನರನ್ನು ಗಮನಿಸಿದ ಅಧ್ಯಯನವೊಂದು 2022ರಲ್ಲಿ ಬಂತು. ಟಿವಿ ಜಾಸ್ತಿ ನೋಡುವವರಲ್ಲಿ ಮರೆವಿನ ಕಾಯಿಲೆ ಹೆಚ್ಚು, ಕಂಪ್ಯೂಟರ್ ಬಳಸುವವರಲ್ಲಿ ಕಡಿಮೆ ಕಂಡಿತು. ಇದೇ ಕಾರಣ ಅಂತ ಸಾಬೀತಾಗಿಲ್ಲ, ಆದರೂ ನನಗೆ ನಂಬುವಂತಿದೆ. ಫೋನಿನಲ್ಲಿ ರಾಶಿ, ಬೆಟ್ಟೆ ಅಡಿಕೆಯ ಧಾರಣೆ ನೋಡಿ, ಹೋದ ವಾರದ ರೇಟಿಗೆ ಹೋಲಿಸಿ, ಈಗ ಮಾರೋದಾ ಕಾಯೋದಾ ಅಂತ ಲೆಕ್ಕ ಹಾಕುವಾಗ ತಲೆ ಓಡುತ್ತದೆ. ಸುಮ್ನೆ ಒಂದರ ಹಿಂದೊಂದು ರೀಲ್ಸ್ ನೋಡುವಾಗ ಅಷ್ಟು ಓಡಲ್ಲ, ಅಲ್ವಾ?

ಇನ್ನು ನಿದ್ದೆ. ಮಳೆಗಾಲದ ರಾತ್ರಿ, ಕರೆಂಟ್ ಹೋದ ಮನೆಯಲ್ಲಿ, ಹಾಸಿಗೆಯಲ್ಲೇ ಜೋರು ಬೆಳಕಿಟ್ಟು ಫೋನ್ ನೋಡಿದರೆ ನಿದ್ದೆ ಬರಲು ನೆರವಾಗುವ ಮೆಲಟೋನಿನ್ ಹಾರ್ಮೋನು ಕಡಿಮೆಯಾಗಿ ನಿದ್ದೆ ಮುಂದಕ್ಕೆ ಹೋಗಬಹುದು. ದಯವಿಟ್ಟು ಚಾರ್ಜರನ್ನು ಜಗುಲಿಯಲ್ಲೇ ಇಡಿಸಿ.