ಬಗ್ ಕ್ಲೋಸ್ ಆಯಿತು ಅನ್ನುವುದು ಯಾವಾಗ?

ಪ್ರಶ್ನೆ: ಹುಬ್ಬಳ್ಳಿಯ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸಕ್ಕೆ ಸೇರಿ ಆರು ತಿಂಗಳಾಯಿತು. ಕೋಡ್ ಹಾಕಿದ ಕೂಡಲೇ ಡೆವಲಪರ್‌ಗಳು ಬಗ್ (ಸಾಫ್ಟ್‌ವೇರಿನ ದೋಷದ ದೂರು) ಕ್ಲೋಸ್ ಮಾಡುತ್ತಾರೆ. ವಾರದೊಳಗೆ ಅದೇ ದೂರು ಮತ್ತೆ ಬರುತ್ತದೆ. ನಾನು ಅದನ್ನು ರೀಓಪನ್ ಮಾಡಿದರೆ, ಅಂದರೆ ಮತ್ತೆ ತೆರೆದರೆ, ಸಿಟ್ಟಾಗುತ್ತಾರೆ. ಏನು ಮಾಡಲಿ ಮೇಡಂ?
– ಓದುಗಿ, ಹಾವೇರಿ

ಉತ್ತರ: ದೂರು ಕೊಟ್ಟವರ ಕಡೆ ಸರಿಯಾದಾಗ ಮಾತ್ರ ಬಗ್ ಕ್ಲೋಸ್. ಅಲ್ಲಿಯವರೆಗೆ ಅದು ಬರೀ ಫಿಕ್ಸ್ ಆಗಿದೆ, ಅಷ್ಟೇ.

ನಾನು ಇದನ್ನು ಕಲಿತದ್ದು ಬ್ಯಾಡಗಿಯ ಒಂದು ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ. ನಮ್ಮ ಸಾಫ್ಟ್‌ವೇರಿನಿಂದ ರೈತರ ಪಟ್ಟಿ (ಮಾರಾಟದ ಲೆಕ್ಕದ ಚೀಟಿ) ತೆಗೆದರೆ ‘ಬ್ಯಾಡಗಿ’ ಹೋಗಿ ‘ಬ್ ಯಾಡಗಿ’ ಅಂತ ಬರುತ್ತಿತ್ತು. ಡೆವಲಪರ್ ಫಾಂಟ್ ಬದಲಿಸಿದರು. ಆಫೀಸಿನ ಲೇಸರ್ ಪ್ರಿಂಟರಿನಲ್ಲಿ ಒತ್ತು ಚೆಂದ ಕೂತಿತು. ಕ್ಲೋಸ್ ಒತ್ತಿದವಳು ನಾನೇ. ಮುಂದಿನ ಸಂತೆಯ ದಿನವೇ ಫೋನ್: “ಇಂಥಾ ಪಟ್ಟಿ ರೈತರ ಕೈಯಾಗ ಹೆಂಗ ಕೊಡೂದ್ರೀ?” ಹೋಗಿ ನೋಡಿದರೆ ಅಲ್ಲಿದ್ದದ್ದು ಸಣ್ಣ ಥರ್ಮಲ್ ಪ್ರಿಂಟರ್. ಅಕ್ಷರ ಕೂಡಿಸಿ ಒತ್ತು ಮಾಡುವುದು ಅದಕ್ಕೆ ಗೊತ್ತೇ ಇರಲಿಲ್ಲ. ಬಂದದ್ದನ್ನು ಒಂದರ ಪಕ್ಕ ಒಂದು ಒತ್ತುತ್ತಿತ್ತು. ಕೊನೆಗೆ ಪಟ್ಟಿಯ ಪ್ರತಿ ಸಾಲನ್ನೂ ಚಿತ್ರ ಮಾಡಿ ಪ್ರಿಂಟರಿಗೆ ಕಳಿಸಿದೆವು.

ಫೈರ್‌ಫಾಕ್ಸ್ ಬ್ರೌಸರಿನ ಮೊಜಿಲ್ಲಾದವರು 1998ರಲ್ಲಿ ಹೊರತಂದ, ಬಗ್‌ಗಳ ಲೆಕ್ಕ ಇಡುವ ಬಗ್‌ಜಿಲ್ಲಾದಲ್ಲಿ ‘ರಿಸಾಲ್ವ್ಡ್’ ಬೇರೆ, ‘ವೆರಿಫೈಡ್’ ಬೇರೆ. ಸರಿಮಾಡಿದೆ ಅನ್ನುವವರು ಒಬ್ಬರು, ನೋಡಿ ಒಪ್ಪುವವರು ಇನ್ನೊಬ್ಬರು. ಕೋಡ್ ಇಡುವ ತಾಣ ಗಿಟ್‌ಹಬ್‌ನಲ್ಲಿ ಕಮಿಟ್ (ಕೋಡ್ ಬದಲಾವಣೆ) ಜೊತೆ ‘ಫಿಕ್ಸಸ್’ ಅಂತ ಬರೆದು ಇಶ್ಯೂ (ದೂರು) ನಂಬರ್ ಹಾಕಿದರೆ, ಆ ಬದಲಾವಣೆ ಮುಖ್ಯ ಬ್ರಾಂಚಿಗೆ, ಅಂದರೆ ಕೋಡ್‌ನ ಮುಖ್ಯ ಪ್ರತಿಗೆ, ಸೇರಿದ ಕೂಡಲೇ ಇಶ್ಯೂ ತಾನೇ ಕ್ಲೋಸ್ ಆಗುತ್ತದೆ. ಆದರೆ ಹೊಸ ವರ್ಷನ್ ಇನ್ನೂ ಅಂಗಡಿಗೆ ಹೋಗಿರುವುದಿಲ್ಲ, ಅಲ್ವಾ? ನಿಮ್ಮಲ್ಲೂ ಇದೇ ಆಗುತ್ತಿರಬಹುದು.

ರೀಓಪನ್ ಮಾಡುವಾಗ ಸುಮ್ನೆ ‘ಮತ್ತೆ ಬಂತು’ ಅಂತ ಬರೆಯಬೇಡಿ. ಯಾವ ವರ್ಷನ್, ಯಾವ ಪ್ರಿಂಟರ್, ಏನು ಬರಬೇಕಿತ್ತು, ಏನು ಬಂತು, ಎಲ್ಲ ಬರೆಯಿರಿ. ಫೋಟೋ ಹಾಕಿ. ಹುಡುಕುವ ಕೆಲಸ ಕಡಿಮೆಯಾದರೆ ಡೆವಲಪರ್ ಸಿಟ್ಟೂ ಜಾಸ್ತಿ ಹೊತ್ತು ಇರುವುದಿಲ್ಲ.

ಗ್ರಾಹಕರು ಉತ್ತರ ಕೊಡದಿದ್ದರೆ? ಎರಡು ಸಲ ಕೇಳಿ, ಕೇಳಿದ ತಾರೀಖು ಬರೆದು ಕ್ಲೋಸ್ ಮಾಡಿ. ಮತ್ತೆ ಬಂದರೆ ತೆರೆಯುತ್ತೇವೆ ಅಂತ ಅವರಿಗೂ ಹೇಳಿ. ಸರಿ ಮಾಡುವುದೇ ಇಲ್ಲ ಅಂತ ತೀರ್ಮಾನವಾದರೂ ಕ್ಲೋಸ್ ಮಾಡಬಹುದು. ಆದರೆ ಕಾರಣ ಮುಚ್ಚಿಡಬಾರದು.

ಬ್ಯಾಡಗಿಯ ಆ ಬಗ್ಗನ್ನು ಎರಡನೇ ಸಲ ನಾನು ಕ್ಲೋಸ್ ಮಾಡಿದ್ದು ದಲಾಲರು ವಾಟ್ಸಾಪ್‌ನಲ್ಲಿ ಪಟ್ಟಿಯ ಫೋಟೋ ಕಳಿಸಿದ ಮೇಲೆ. ‘ಬ’ದ ಕೆಳಗೆ ಯ-ಒತ್ತು ನೆಟ್ಟಗೆ ಕೂತಿತ್ತು.