ಮಾತ್ರೆ ಆಯಿತು, ಇನ್ನು ಹಗಲೆಲ್ಲಾ ಏನು ಮಾಡೋದು?

ಶಾರದಾ ಅಂತ ಕರೆಯೋಣ. ಹೆಸರು, ಊರಿನ ವಿವರ ಬದಲಿಸಿದ್ದೇನೆ. ವಯಸ್ಸು 34. ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ ಇದೆ. ಗಂಡನ ಮನೆಯಿಂದ ವಾಪಸ್ ಬಂದು ಅಣ್ಣ-ಅತ್ತಿಗೆ ಜೊತೆ ಇದ್ದಾರೆ. ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ, ಮಾನಸಿಕ ಕಾಯಿಲೆಗೆ ಚಿಕಿತ್ಸೆ ಕೊಡುವ ಮನೋಚೈತನ್ಯ ಕ್ಲಿನಿಕ್‌ನಲ್ಲಿ ತೋರಿಸುತ್ತಿದ್ದಾರೆ. ಕಿವಿಯಲ್ಲಿ ಕೇಳುತ್ತಿದ್ದ ದನಿಗಳು ನಿಂತಿವೆ. ಮನೆಯ ಜಗಳ ಮಾತ್ರ ನಿಂತಿರಲಿಲ್ಲ.

"ಹತ್ತು ಗಂಟೆಗೆ ಏಳ್ತಾಳೆ ಮೇಡಂ. ಉಂಡ ತಟ್ಟೆ ತೊಳೆಯಲ್ಲ. ಏನು ಕೇಳಿದರೂ ಹೂಂ ಅಂತಾಳೆ ಅಷ್ಟೇ. ಹುಷಾರಾದ ಮೇಲೂ ಹೀಗಿದ್ರೆ ಅದು ಸೋಮಾರಿತನ ತಾನೇ?" ಅಂದರು ಅತ್ತಿಗೆ. ಅವರನ್ನು ಕೆಟ್ಟವರು ಅನ್ನೋಕಾಗಲ್ಲ. ನಸುಕಿಗೇ ಎದ್ದು ಹಾಲು ಕರೆದು, ಮಕ್ಕಳನ್ನು ಶಾಲೆಗೆ ಕಳಿಸಿ, ನಾದಿನಿಯ ಮಾತ್ರೆಯ ಲೆಕ್ಕ ಇಡುವವರೂ ಅವರೇ.

ಅವರಿಗೆ ನಾನು ಹೇಳಿದ್ದು: ಇದು ಸೋಮಾರಿತನ ಅಲ್ಲ, ಕಾಯಿಲೆಯದೇ ಇನ್ನೊಂದು ಮುಖ. ದನಿ, ಅನುಮಾನ ಇವೆಲ್ಲ ಮಾತ್ರೆಗೆ ತಗ್ಗುತ್ತವೆ. ಹುರುಪು, ಮಾತು, ಜನರ ಜೊತೆ ಬೆರೆಯುವ ಆಸೆ ಅಷ್ಟು ಸುಲಭಕ್ಕೆ ಮರಳುವುದಿಲ್ಲ. ಬೈದರಂತೂ ಇನ್ನೂ ಮುದುಡುತ್ತಾರೆ. ಬೈಗುಳ ಜಾಸ್ತಿ ಇರುವ ಮನೆಯಲ್ಲಿ ಕಾಯಿಲೆ ಮತ್ತೆ ಮರುಕಳಿಸುವುದೂ ಜಾಸ್ತಿ. ಬೆಳಗಿನ ಮಂಪರು ಮಾತ್ರೆಯಿಂದಲೂ ಇರಬಹುದು. ಹೊತ್ತು ಬದಲಿಸಬಹುದಾ ಅಂತ ಡಾಕ್ಟರನ್ನು ಕೇಳಿ, ನೀವೇ ಕಮ್ಮಿ ಮಾಡಬೇಡಿ ಅಂದೆ.

ಆಮೇಲೆ ಮಾನಸಧಾರಾ ವಿಷಯ ತೆಗೆದೆ. ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರು ಹಗಲು ಹೋಗಿ ಬರುವ ಕೇಂದ್ರ ಇದು. ರಾಜ್ಯ ಸರ್ಕಾರದ ಯೋಜನೆ. ಅಣ್ಣ ತಕ್ಷಣ, "ಅಂಥವರ ಜೊತೆ ಕೂರಿಸಿದರೆ ಇವಳದು ಜಾಸ್ತಿ ಆಗಲ್ವಾ?" ಅಂದರು. ಎಲ್ಲ ಮನೆಯವರೂ ಇದನ್ನು ಕೇಳುತ್ತಾರೆ. ಇದು ಅಂಟುವ ಕಾಯಿಲೆ ಅಲ್ಲ. ದಿನವಿಡೀ ಗೋಡೆ ನೋಡಿಕೊಂಡು ಕೂರುವುದೇ ಹೆಚ್ಚು ಹಾನಿ. ಸುಮ್ನೆ ಒಂದು ದಿನ ಮೂವರೂ ಹೋಗಿ ನೋಡಿ, ಸೇರುವುದೋ ಬೇಡವೋ ಅಂತ ಶಾರದಾ ಅವರೇ ಹೇಳಲಿ ಅಂದೆ.

ಹೋದರು. ಶಾರದಾಗೆ ಅಲ್ಲಿನ ಹೊಲಿಗೆ ಕೆಲಸ ಹಿಡಿಸಲಿಲ್ಲ, ಸೂಜಿ ಹಿಡಿದರೆ ಕೈ ನಡುಗುತ್ತಿತ್ತು. ನಡುಕದ ಬಗ್ಗೆಯೂ ಡಾಕ್ಟರಿಗೆ ಹೇಳಿ ಅಂದೆ. ಇದು ಮಾತ್ರೆಯ ಅಡ್ಡಪರಿಣಾಮ ಇರಬಹುದು, ಎಷ್ಟೋ ಜನ ಹೇಳುವುದೇ ಇಲ್ಲ. ಹಿಡಿಸಿದ್ದು ಅಲ್ಲಿನ ಅಡುಗೆಮನೆ. ತರಕಾರಿ ಹೆಚ್ಚುವುದಕ್ಕೆ ಕುಳಿತರೆ ಪಕ್ಕದವರು ಮಾತಾಡಿಸುತ್ತಾರೆ, ಅಲ್ವಾ? ವಾರವಿಡೀ ಹೋಗಲಿ ಅಂತ ಅಣ್ಣನ ಆಸೆ, ಶಾರದಾಗೆ ಮೂರು ದಿನವೇ ಸಾಕು. ಮೂರೇ ಇರಲಿ ಎಂದೆ. ಆ ಮೂರು ದಿನ ಅತ್ತಿಗೆಗೂ ಬಿಡುವು.

ಕೇಂದ್ರದಲ್ಲಿ ಪೇಪರ್ ಕವರ್ ಮಾಡಿದ್ದಕ್ಕೆ ಶಾರದಾಗೆ ಒಂದಿಷ್ಟು ದುಡ್ಡು ಬಂತು. ಅಣ್ಣ ಅದನ್ನು ತಾವೇ ಇಟ್ಟುಕೊಳ್ಳುತ್ತೇನೆ ಅಂದಾಗ ಸ್ವಲ್ಪ ಗಟ್ಟಿಯಾಗಿಯೇ ಬೇಡ ಎಂದೆ. ಹೂವು ತರಲಿ, ಬಜ್ಜಿ ತಿನ್ನಲಿ, ಅದು ಅವರ ದುಡ್ಡು.

ಅಂಗವೈಕಲ್ಯ ಪ್ರಮಾಣಪತ್ರದ ವಿಷಯದಲ್ಲಿ ಮಾತು ನಿಂತಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಅಳೆಯುವಾಗ ಬರೀ ಕಾಯಿಲೆಯ ಹೆಸರು ನೋಡುವುದಿಲ್ಲ. ತನ್ನ ಆರೈಕೆ, ಜನರ ಜೊತೆಗಿನ ಒಡನಾಟ, ಮಾತುಕತೆ, ಕೆಲಸ ಇವುಗಳಲ್ಲಿ ಎಷ್ಟು ಕಷ್ಟ ಇದೆ ಅಂತ ನೋಡುತ್ತಾರೆ. ವೈಕಲ್ಯ ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಹಲವು ಸೌಲಭ್ಯಗಳ ಬಾಗಿಲು ತೆರೆಯುತ್ತದೆ. ಆದರೆ ಅಣ್ಣನಿಗೆ ಮಗಳ ಮದುವೆಯ ಚಿಂತೆ. ಊರಿಗೆ ಗೊತ್ತಾದರೆ? ಊರಿಗೆ ಆಗಲೇ ಗೊತ್ತಿದೆ ಅಂತ ಅತ್ತಿಗೆಯೇ ಹೇಳಿದರು. ನಾನು ಒತ್ತಾಯಿಸಲಿಲ್ಲ. ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರ ಬಳಿ ಅರ್ಜಿಯ ವಿವರ ಕೇಳಿಟ್ಟುಕೊಳ್ಳಿ, ತೀರ್ಮಾನ ಮಾಡುವ ದಿನ ಶಾರದಾ ಅವರನ್ನೂ ಕೂರಿಸಿಕೊಳ್ಳಿ ಎಂದೆ. ನಡುರಾತ್ರಿ ಗಾಬರಿಯಾದರೆ ಕರೆ ಮಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಅತ್ತಿಗೆ ಮಾತ್ರೆ ಡಬ್ಬಿಯ ಮುಚ್ಚಳದ ಮೇಲೆ ಬರೆದುಕೊಂಡರು.