ಸಂಪಾದಕರ ಉತ್ತರ: ಸುದ್ದಿ ಇತ್ತು, ಬೇಕಾದವರ ಕೈಗೆ ಸಿಗಲಿಲ್ಲ

ಕೊಡಗಿನಿಂದ ನಿವೃತ್ತ ಸುಬೇದಾರ್ ಒಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಸೇನೆಯಲ್ಲಿ ಸುದ್ದಿ ಮುಟ್ಟಿಸುವ ಸಿಗ್ನಲ್ಸ್ ವಿಭಾಗದಲ್ಲಿ 26 ವರ್ಷ ಕೆಲಸ ಮಾಡಿದವರು. ಭೂಸೇನೆಯ ವಾಯುರಕ್ಷಣೆಯ ಕಂಪ್ಯೂಟರ್ ಜಾಲ ‘ಆಕಾಶ್‌ತೀರ್’ ಬಗ್ಗೆ ನಾವು ಪ್ರಕಟಿಸಿದ ಲೇಖನ ಓದಿ ಅವರಿಗೆ ಮೂರು ಅನುಮಾನ ಬಂದಿದೆ. ಒಂದು: “ನಾವು ಬೆನ್ನ ಮೇಲೆ ರೇಡಿಯೋ ಸೆಟ್ ಹೊತ್ತು, ಗುಡ್ಡ ಹತ್ತಿ ಲೈನ್ ಎಳೆದು ಸುದ್ದಿ ಮುಟ್ಟಿಸುತ್ತಿದ್ದೆವು. ಕೆಲಸ ಆಗುತ್ತಿತ್ತು. ಈಗ ಇಷ್ಟೊಂದು ಕಂಪ್ಯೂಟರ್ ಜಾಲ ಯಾಕೆ?” ಎರಡು: “ಬೇಕಾದವನಿಗೆ ಬೇಕಾದಷ್ಟೇ ಹೇಳು ಅಂತ ನಮಗೆ ಕಲಿಸಿದ್ದರು. ಈಗ ಎಲ್ಲವನ್ನೂ ಎಲ್ಲರಿಗೂ ಹಂಚಿ ಅನ್ನುತ್ತೀರಿ. ಒಂದು ಕಡೆ ತೂತು ಬಿದ್ದರೆ ಗತಿ ಏನು?” ಮೂರನೆಯದು ಅವರ ಮೊಮ್ಮಗಳ ಬಗ್ಗೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಸುಬೇದಾರ್ ಸಾಹೇಬರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಇದಕ್ಕೆ ಎರಡು ಸಾಲಿನ ಉತ್ತರ ಕೊಟ್ಟರೆ ಸಾಲದು ಅನ್ನಿಸಿತು. ಮೊದಲು ಒಂದು ಘಟನೆ ಹೇಳುತ್ತೇನೆ. ನಮ್ಮ ದೇಶದ್ದಲ್ಲ. ಆದರೆ ಈ ವಿಷಯ ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಅದೇ.

1994ರ ಏಪ್ರಿಲ್ 14, ಉತ್ತರ ಇರಾಕ್. ಗಲ್ಫ್ ಯುದ್ಧ ಮುಗಿದು ಮೂರು ವರ್ಷ ಆಗಿತ್ತು. ಕುರ್ದ್ ಜನರನ್ನು ಕಾಪಾಡಲು ಅಮೆರಿಕ ಮತ್ತು ಅದರ ಜೊತೆಗಾರ ದೇಶಗಳು ಅಲ್ಲಿ ಇರಾಕಿನ ವಿಮಾನಗಳು ಹಾರದಂತೆ ಕಾವಲು ಕಾಯುತ್ತಿದ್ದವು. ಆವತ್ತು ಬೆಳಿಗ್ಗೆ ಅಮೆರಿಕ ಭೂಸೇನೆಯ ಎರಡು ಬ್ಲ್ಯಾಕ್ ಹಾಕ್ ಹೆಲಿಕಾಪ್ಟರ್‌ಗಳು ಅಧಿಕಾರಿಗಳನ್ನು ಕೂರಿಸಿಕೊಂಡು ಹೊರಟವು. ಅಮೆರಿಕದ್ದೇ ವಾಯುಪಡೆಯ ಎರಡು ಎಫ್-15 ವಿಮಾನಗಳು ಅವನ್ನು ಇರಾಕಿನ ಹೆಲಿಕಾಪ್ಟರ್ ಅಂದುಕೊಂಡು ಹೊಡೆದುರುಳಿಸಿದವು. ಒಳಗಿದ್ದ 26 ಮಂದಿಯೂ ಹೋದರು.

ಆಕಾಶ ತಿಳಿಯಾಗಿತ್ತು. ಯುದ್ಧದ ಗದ್ದಲ ಏನೂ ಇರಲಿಲ್ಲ. ಮತ್ತೆ ಹೇಗಾಯಿತು? ತಮ್ಮ ಪಕ್ಷದ ವಿಮಾನ ಅಂತ ತಿಳಿಯಲು ಒಂದು ಉಪಕರಣ ಇರುತ್ತದೆ, ನಿಮಗೆ ಗೊತ್ತೇ ಇದೆ. ಆಚೆಯಿಂದ ಪ್ರಶ್ನೆ ಬಂದರೆ ಈಚೆಯಿಂದ ಸರಿಯಾದ ಸಂಕೇತ ಹೋಗಬೇಕು. ಆ ವಲಯದ ಒಳಗೆ ಒಂದು ಸಂಕೇತ, ಹೊರಗೆ ಇನ್ನೊಂದು. ಇದು ವಾಯುಪಡೆಯವರಿಗೆ ಗೊತ್ತಿತ್ತು. ಹೆಲಿಕಾಪ್ಟರ್‌ನವರಿಗೆ ಯಾರೂ ಹೇಳಿರಲಿಲ್ಲ. ರೇಡಿಯೋ ಕೂಡ ಹಾಗೇ. ಅವರು ಒಂದು ಫ್ರೀಕ್ವೆನ್ಸಿಯಲ್ಲಿ ಇದ್ದರು, ಇವರು ಇನ್ನೊಂದರಲ್ಲಿ.

ನನ್ನನ್ನು ಜಾಸ್ತಿ ಕಾಡುವುದು ಮುಂದಿನದು. ಆ ಹೊತ್ತಿನಲ್ಲಿ ಮೇಲೆ ಒಂದು ಅವಾಕ್ಸ್ ಹಾರುತ್ತಿತ್ತು. ಇಡೀ ಆಕಾಶದ ಮೇಲೆ ಕಣ್ಣಿಡುವ ರಾಡಾರ್ ವಿಮಾನ. ಅದರೊಳಗೆ ಕೂತಿದ್ದ ಒಬ್ಬ ನಿಯಂತ್ರಕನ ಜೊತೆ ಆ ಹೆಲಿಕಾಪ್ಟರ್‌ಗಳು ಅದೇ ಬೆಳಿಗ್ಗೆ ಮಾತಾಡಿದ್ದವು. ಎಫ್-15ಗಳನ್ನು ನೋಡಿಕೊಳ್ಳುತ್ತಿದ್ದವನು ಇನ್ನೊಬ್ಬ ನಿಯಂತ್ರಕ. ಇಬ್ಬರೂ ಒಂದೇ ವಿಮಾನದಲ್ಲಿದ್ದರು. “ಅಲ್ಲಿ ನಮ್ಮವರಿದ್ದಾರೆ” ಅನ್ನುವ ಮಾತು ಈ ಕುರ್ಚಿಯಿಂದ ಆ ಕುರ್ಚಿಗೆ ದಾಟಿ ಪೈಲಟ್‌ಗಳ ಕಿವಿಗೆ ಹೋಗಲಿಲ್ಲ.

ನಮ್ಮಲ್ಲೂ ಇಂಥದೊಂದು ನೋವಿದೆ. 2019ರ ಫೆಬ್ರುವರಿ 27ರಂದು ಕಾಶ್ಮೀರದ ಬಡ್ಗಾಮ್‌ನಲ್ಲಿ ನಮ್ಮ ಎಂಐ-17 ಹೆಲಿಕಾಪ್ಟರ್ ಬಿತ್ತು. ವಾಯುಪಡೆಯ ಆರು ಮಂದಿ ಮತ್ತು ನೆಲದ ಮೇಲಿದ್ದ ಒಬ್ಬ ನಾಗರಿಕ ತೀರಿಕೊಂಡರು. ಬಡಿದದ್ದು ನಮ್ಮದೇ ಕ್ಷಿಪಣಿ, ಅದು ದೊಡ್ಡ ತಪ್ಪು ಅಂತ ಆಗಿನ ವಾಯುಪಡೆ ಮುಖ್ಯಸ್ಥ ಭದೌರಿಯಾ ಅದೇ ವರ್ಷ ಅಕ್ಟೋಬರ್‌ನಲ್ಲಿ ಎಲ್ಲರೆದುರು ಒಪ್ಪಿಕೊಂಡರು.

ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ ಇಲ್ಲಿಂದಲೇ ಶುರು. ದೊಡ್ಡ ಸೈನ್ಯದಲ್ಲಿ ಮಾಹಿತಿಗೆ ಬರ ಇರುವುದು ಕಡಿಮೆ. ಎಲ್ಲೋ ಒಂದು ಕಡೆ ಯಾರೋ ಒಬ್ಬರಿಗೆ ಅದು ಗೊತ್ತಿರುತ್ತದೆ. ಬೇಕಾದವನಿಗೆ ಅದು ಇದೆ ಅನ್ನುವುದೇ ಗೊತ್ತಿರುವುದಿಲ್ಲ. ಇಲ್ಲ ಅಂದುಕೊಂಡದ್ದನ್ನು ಅವನು ಯಾರ ಹತ್ತಿರ ಹೋಗಿ ಕೇಳಿಯಾನು? ನೀವು ಸೆಟ್ ಹೊತ್ತು ಸುದ್ದಿ ಮುಟ್ಟಿಸುತ್ತಿದ್ದ ಕಾಲದಲ್ಲಿ ಕಳಿಸುವವನಿಗೆ ಯಾರಿಗೆ ಕಳಿಸಬೇಕು ಅಂತ ಗೊತ್ತಿರುತ್ತಿತ್ತು. ಈಗ ಒಂದು ಡ್ರೋನ್ ಗಡಿ ದಾಟಿತು ಅನ್ನಿ. ಅದನ್ನು ಮೊದಲು ಕಂಡದ್ದು ಭೂಸೇನೆಯ ರಾಡಾರ್ ಇರಬಹುದು. ಹೊಡೆಯಲು ಅನುಕೂಲದ ಜಾಗದಲ್ಲಿರುವುದು ವಾಯುಪಡೆಯ ತುಕಡಿ ಇರಬಹುದು. ಅದೇ ದಾರಿಯಲ್ಲಿ ನಮ್ಮದೇ ಹೆಲಿಕಾಪ್ಟರ್ ವಾಪಸ್ ಬರುತ್ತಿರಬಹುದು. ಮೂವರೂ ಒಂದೇ ಚಿತ್ರ ನೋಡಬೇಕು. ಅದೂ ಕೆಲವೇ ಸೆಕೆಂಡುಗಳಲ್ಲಿ. ಫೋನ್ ಎತ್ತಿ ಒಬ್ಬೊಬ್ಬರಿಗೆ ಹೇಳುತ್ತಾ ಕೂತರೆ ಹೊತ್ತು ಮೀರುತ್ತದೆ.

ಆಕಾಶ್‌ತೀರ್ ಮಾಡುವ ಕೆಲಸ ಇದೇ. ಭೂಸೇನೆಯ ವಾಯುರಕ್ಷಣೆಗೆ ಇದನ್ನು ಒದಗಿಸಲು 2023ರ ಮಾರ್ಚ್‌ನಲ್ಲಿ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಜೊತೆ 1,982 ಕೋಟಿ ರೂಪಾಯಿಯ ಒಪ್ಪಂದ ಆಯಿತು. ವಾಯುಪಡೆಗೆ ಐಎಸಿಸಿಎಸ್ ಅನ್ನುವ ಜಾಲ ಇದೆ, ನೌಕಾಪಡೆಗೆ ತ್ರಿಗುಣ್. 2025ರ ಮೇ ತಿಂಗಳ ಸಿಂಧೂರ ಕಾರ್ಯಾಚರಣೆಯಲ್ಲಿ ಇವು ಜೋಡಿಯಾಗಿ ಕೆಲಸ ಮಾಡಿದ್ದನ್ನು ಇಡೀ ದೇಶ ಕೇಳಿತು. ಸಮುದ್ರದ ಕಡೆಗೂ ಹೀಗೇ ಒಂದು ವ್ಯವಸ್ಥೆ ಇದೆ. 2008ರಲ್ಲಿ ಮುಂಬೈ ಮೇಲೆ ದಾಳಿ ಮಾಡಿದವರು ‘ಕುಬೇರ್’ ಅನ್ನುವ ಮೀನುಗಾರಿಕೆ ದೋಣಿ ಹಿಡಿದು ಬಂದರಲ್ಲ, ಅದಾದ ಮೇಲೆ ಕಟ್ಟಿದ್ದು. ನೌಕಾಪಡೆ ಮತ್ತು ಕರಾವಳಿ ಕಾವಲು ಪಡೆಯ 51 ಠಾಣೆಗಳನ್ನು ಗುರುಗ್ರಾಮದ ಒಂದು ಕೇಂದ್ರಕ್ಕೆ ಜೋಡಿಸಿದ್ದಾರೆ. ಆ ಕೇಂದ್ರ 2014ರ ನವೆಂಬರ್‌ನಲ್ಲಿ ಶುರುವಾಯಿತು. ಇದರಲ್ಲೂ ಬಿಇಎಲ್ ಕೈ ಇದೆ. 1954ರಲ್ಲಿ ನಮ್ಮ ಜಾಲಹಳ್ಳಿಯಲ್ಲಿ ಹುಟ್ಟಿದ ಸಂಸ್ಥೆ ಅದು ಅಂತ ಬರೆಯುವಾಗ ನನಗೆ ಖುಷಿಯಾಗುತ್ತದೆ, ಮುಚ್ಚಿಡುವುದಿಲ್ಲ.

ಆದರೆ ತಂತಿ ಎಳೆದ ಮಾತ್ರಕ್ಕೆ ಹಂಚಿಕೆ ಆಗಿಬಿಡುವುದಿಲ್ಲ. ನಮ್ಮ ಲೇಖನದಲ್ಲಿ ಇದನ್ನು ಹೇಳದೆ ಬಿಟ್ಟಿದ್ದೆವು. ಈಗ ಹೇಳುತ್ತೇನೆ.

ಕಾರ್ಗಿಲ್‌ನ ಟೈಗರ್ ಹಿಲ್ ತೆಗೆದುಕೊಳ್ಳಿ. ಜನರ ಬಾಯಲ್ಲಿ ಅದು ಟೈಗರ್ ಹಿಲ್. ಸೈನ್ಯದ ನಕ್ಷೆಯಲ್ಲಿ ಪಾಯಿಂಟ್ 5062, ಅಂದರೆ ಅಷ್ಟು ಮೀಟರ್ ಎತ್ತರ. ಪೈಲಟ್ ಎತ್ತರ ಎಣಿಸುವುದು ಅಡಿಯಲ್ಲಿ. ಅವನಿಗೆ ಅದೇ ಗುಡ್ಡ ಸುಮಾರು 16,600. ಇಬ್ಬರು ಮನುಷ್ಯರು ಎದುರು ಬದುರು ಕೂತರೆ “ಓ, ಅದಾ?” ಅಂತ ಅರ್ಧ ನಿಮಿಷದಲ್ಲಿ ಹೊಂದಿಸಿಕೊಳ್ಳುತ್ತಾರೆ. ಕಂಪ್ಯೂಟರ್‌ಗೆ ಆ ಜಾಣತನ ಇಲ್ಲ. 5062 ಅನ್ನುವ ಸಂಖ್ಯೆಯ ಪಕ್ಕ ಅದು ಮೀಟರೋ ಅಡಿಯೋ ಅಂತ ಬರೆದಿರದಿದ್ದರೆ ಅದು ಅಷ್ಟೇ ನಂಬಿಕೆಯಿಂದ ತಪ್ಪು ಲೆಕ್ಕ ಕೊಡುತ್ತದೆ. ಎತ್ತರ, ದೂರ, ಜಾಗದ ಹೆಸರು, ಬಿಡಿಭಾಗದ ನಂಬರ್, ರೋಗಿಯ ರಕ್ತದ ಗುಂಪು, ಹೀಗೆ ಸಾವಿರಾರು ವಿಷಯಕ್ಕೆ ಮೂರೂ ಪಡೆಗಳು ಒಂದೇ ಭಾಷೆ ಒಪ್ಪಿಕೊಳ್ಳಬೇಕು.

ನಮ್ಮ ಪತ್ರಿಕೆಯಲ್ಲೇ ಇದನ್ನು ಕಂಡಿದ್ದೇನೆ. ಚಂದಾದಾರರ ಪಟ್ಟಿ ಮೂರು ಲೆಡ್ಜರ್‌ನಲ್ಲಿತ್ತು. ಒಂದರಲ್ಲಿ ಸುಬ್ರಹ್ಮಣ್ಯ, ಇನ್ನೊಂದರಲ್ಲಿ ಸುಬ್ರಮಣ್ಯ, ಮತ್ತೊಂದರಲ್ಲಿ ಸುಬ್ಬಣ್ಣ. ಮೂರನ್ನೂ ಕಂಪ್ಯೂಟರ್‌ಗೆ ಹಾಕಿದೆವು. ಮುಂದಿನ ತಿಂಗಳು ಒಂದೇ ಮನೆಗೆ ಮೂರು ಪ್ರತಿ ಹೋಯಿತು. ಸರಿಪಡಿಸಲು ನಮ್ಮ ಇಬ್ಬರು ಸಹೋದ್ಯೋಗಿಗಳು ಎರಡು ತಿಂಗಳು ಕೂರಬೇಕಾಯಿತು. ಪತ್ರಿಕೆಯಲ್ಲಾದರೆ ಒಂದಿಷ್ಟು ಕಾಗದ ದಂಡ. ಮುಂಚೂಣಿಯಲ್ಲಿ ಒಂದೇ ಶತ್ರು ಟ್ಯಾಂಕ್ ಪರದೆ ಮೇಲೆ ಮೂರಾಗಿ ಕಂಡರೆ? ಅಥವಾ ಮೂರು ಇದ್ದದ್ದು ಒಂದಾಗಿ ಕಂಡರೆ?

ಇನ್ನೊಂದು ವಿಷಯ ಮಾಹಿತಿಯ ವಯಸ್ಸು. ಇದಕ್ಕೆ ನನಗೆ ಇಷ್ಟವಾದ ಉದಾಹರಣೆ ಕಂಪ್ಯೂಟರ್ ಬರುವ ಮೊದಲಿನದು. 1940ರಲ್ಲಿ ಜರ್ಮನ್ ವಿಮಾನಗಳು ಬ್ರಿಟನ್ ಮೇಲೆ ಬರುತ್ತಿದ್ದಾಗ ಅಲ್ಲಿನ ವಾಯುಪಡೆಯ ಕೋಣೆಗಳಲ್ಲಿ ದೊಡ್ಡ ಮೇಜಿನ ಮೇಲೆ ನಕ್ಷೆ ಹಾಸಿರುತ್ತಿತ್ತು. ಕರಾವಳಿಯ ರಾಡಾರ್‌ಗಳಿಂದ, ಬೈನಾಕ್ಯುಲರ್ ಹಿಡಿದು ಕೂತ ಸ್ವಯಂಸೇವಕರಿಂದ ಫೋನ್ ಬರುತ್ತಿತ್ತು. ಹೆಣ್ಣುಮಕ್ಕಳು ಉದ್ದ ಕೋಲಿನಿಂದ ಗುರುತಿನ ಬಿಲ್ಲೆಗಳನ್ನು ನಕ್ಷೆಯ ಮೇಲೆ ತಳ್ಳುತ್ತಿದ್ದರು. ಗೋಡೆಯ ಮೇಲೆ ಒಂದು ಗಡಿಯಾರ. ಅದರಲ್ಲಿ ಐದೈದು ನಿಮಿಷಕ್ಕೆ ಒಂದು ಬಣ್ಣ. ಕೆಂಪು, ಹಳದಿ, ನೀಲಿ, ಮತ್ತೆ ಕೆಂಪು. ಸುದ್ದಿ ಬಂದಾಗ ಮುಳ್ಳು ಯಾವ ಬಣ್ಣದ ಮೇಲಿದೆಯೋ ಆ ಬಣ್ಣದ ಬಿಲ್ಲೆಯನ್ನೇ ಇಡಬೇಕು. ಮೇಲಿನ ಗ್ಯಾಲರಿಯಲ್ಲಿ ನಿಂತ ಅಧಿಕಾರಿ ಒಮ್ಮೆ ಗಡಿಯಾರ ನೋಡಿ, ಒಮ್ಮೆ ಮೇಜು ನೋಡಿದರೆ ಸಾಕು. ಯಾವ ಸುದ್ದಿ ಈಗಿನದು, ಯಾವುದು ಹಳಸಿದ್ದು ಅಂತ ಯಾರನ್ನೂ ಕೇಳಬೇಕಿರಲಿಲ್ಲ. ಈಗಿನ ಎಷ್ಟೋ ಪರದೆಗಳಿಗೆ ಆ ಗಡಿಯಾರದ ಬುದ್ಧಿ ಬೇಕು ಅನ್ನುವುದು ನನ್ನ ಅಭಿಪ್ರಾಯ. ಪರದೆ ಮೇಲೆ ಮೂಡಿದ್ದೆಲ್ಲ ಈ ಕ್ಷಣದ್ದೇ ಅಂತ ನಮ್ಮ ಕಣ್ಣು ಸುಮ್ನೆ ನಂಬಿಬಿಡುತ್ತದೆ, ಅಲ್ವಾ?

ಇನ್ನು ನಿಮ್ಮ ಎರಡನೇ ಪ್ರಶ್ನೆ. ನಿಮ್ಮ ಭಯ ನಿಜ. ಅಮೆರಿಕದಲ್ಲಿ 2001ರ ಸೆಪ್ಟೆಂಬರ್ ದಾಳಿಯ ಮೇಲೆ ಇಲಾಖೆಗಳ ನಡುವಿನ ಗೋಡೆ ಒಡೆಯಿರಿ ಅನ್ನುವ ಒತ್ತಡ ಬಂತು. ಒಡೆದರು. ಬಾಗ್ದಾದ್ ಹತ್ತಿರದ ನೆಲೆಯಲ್ಲಿದ್ದ ಒಬ್ಬ ಕಿರಿಯ ವಿಶ್ಲೇಷಕರಿಗೆ ಅವರ ಕೆಲಸಕ್ಕೆ ಬೇಕಿಲ್ಲದ ವಿದೇಶಾಂಗ ಪತ್ರಗಳೂ ಸಿಗುತ್ತಿದ್ದವು. 2010ರಲ್ಲಿ ಎರಡೂವರೆ ಲಕ್ಷಕ್ಕೂ ಜಾಸ್ತಿ ಪತ್ರಗಳು ಹೊರಗೆ ಹೋದವು. ಹಾಡಿನ ಸಿ.ಡಿ. ಅಂತ ಹೆಸರು ಬರೆದ ಡಿಸ್ಕ್‌ಗೆ ತುಂಬಿಕೊಂಡು ಹೋಗಿದ್ದು.

ಹಾಗಂತ ಗೋಡೆ ಮತ್ತೆ ಕಟ್ಟಿದರೆ ಸರಿಹೋಗುತ್ತದಾ? ಆ ಬ್ಲ್ಯಾಕ್ ಹಾಕ್‌ಗಳನ್ನು ನೆನೆಸಿಕೊಳ್ಳಿ. ಎಫ್-15 ಪೈಲಟ್‌ಗೆ ಬೇಕಿದ್ದದ್ದು ಹೆಲಿಕಾಪ್ಟರ್ ಎಲ್ಲಿದೆ, ಯಾರದ್ದು ಅನ್ನುವ ಎರಡು ಸಂಗತಿ. ಒಳಗೆ ಕೂತ ಅಧಿಕಾರಿ ಯಾರು, ಯಾವ ಸಭೆಗೆ ಹೊರಟಿದ್ದಾರೆ ಅನ್ನುವುದು ಬೇಕಿರಲಿಲ್ಲ. ಹಿಂದೆ ಇದೆಲ್ಲ ಒಂದೇ ಕಡತದಲ್ಲಿ ಇರುತ್ತಿತ್ತು. ಕೊಟ್ಟರೆ ಪೂರ್ತಿ ಕೊಡಬೇಕು, ಇಲ್ಲದಿದ್ದರೆ ಬೀರುವಿನಲ್ಲಿ ಇಡಬೇಕು. ಡೇಟಾ ಬಿಡಿಬಿಡಿಯಾಗಿದ್ದರೆ ಆ ಎರಡನ್ನು ಮಾತ್ರ ಎಲ್ಲರಿಗೂ ತೆರೆದು ಉಳಿದದ್ದಕ್ಕೆ ಬೀಗ ಹಾಕಬಹುದು. ಯಾರು, ಯಾವಾಗ, ಏನು ತೆರೆದರು ಅನ್ನುವುದೂ ದಾಖಲಾಗುತ್ತದೆ. ಒಬ್ಬನೇ ಒಂದು ರಾತ್ರಿಯಲ್ಲಿ ಹತ್ತು ಸಾವಿರ ಪತ್ರ ಇಳಿಸಿಕೊಂಡರೆ ಬೆಳಗಾಗುವುದರೊಳಗೆ ಮೇಲಿನವರಿಗೆ ಗೊತ್ತಾಗಬೇಕು. ನಿಮಗೆ ಕಲಿಸಿದ “ಬೇಕಾದಷ್ಟೇ” ಅನ್ನುವ ಮಾತನ್ನು ಕೈಬಿಡಬೇಕಿಲ್ಲ. ಯಾರಿಗೆ ಬೇಕು ಅನ್ನುವುದನ್ನು ಇಟ್ಟುಕೊಂಡವನೊಬ್ಬನೇ ನಿರ್ಧರಿಸಬಾರದು, ಅಷ್ಟೇ. ಅವನಿಗೆ ಗೊತ್ತಿರುವುದು ಅವನ ಕುರ್ಚಿಯಿಂದ ಕಂಡಷ್ಟು.

ಜಾಲವೇ ಬಿದ್ದುಹೋದರೆ? ಇದರಲ್ಲಿ ನಾನು ಪೂರ್ತಿ ನಿಮ್ಮ ಕಡೆ. ಎದುರಾಳಿ ಮೊದಲು ಹೊಡೆಯುವುದೇ ಅದನ್ನು. ಆಗ ಪ್ರತಿ ತುಕಡಿಯ ಹತ್ತಿರ ಕೊನೆಯ ಚಿತ್ರ ಉಳಿದಿರಬೇಕು, ಅದು ಎಷ್ಟು ಹೊತ್ತಿನದು ಅಂತ ಕಾಣಬೇಕು, ಸೆಟ್ ಹೊತ್ತು ಗುಡ್ಡ ಹತ್ತಬಲ್ಲ ಹುಡುಗರು ಇರಬೇಕು. ಅಭ್ಯಾಸದ ದಿನಗಳಲ್ಲಿ ಬೇಕಂತಲೇ ಜಾಲ ಆರಿಸಿ ಕೆಲಸ ಮಾಡಿಸಬೇಕು. ಈ ಮಾತನ್ನು ನಿಮ್ಮಂಥವರು ಇನ್ನೂ ಜೋರಾಗಿ ಹೇಳಬೇಕು.

ಕೊನೆಗೆ ಮೊಮ್ಮಗಳ ವಿಷಯ. ಮೈಸೂರಿನಲ್ಲಿ ಕಂಪ್ಯೂಟರ್ ಸೈನ್ಸ್ ಓದುತ್ತಿದ್ದಾಳೆ, ಸೈನ್ಯದ ಈ ಕೆಲಸದಲ್ಲಿ ಅವಳಿಗೆ ಜಾಗ ಇದೆಯಾ ಅಂತ ಕೇಳಿದ್ದೀರಿ. ಖಂಡಿತ ಇದೆ. ನಿಮ್ಮದೇ ಸಿಗ್ನಲ್ಸ್‌ನಲ್ಲಿ ಹೆಣ್ಣುಮಕ್ಕಳು ಅಧಿಕಾರಿಗಳಾಗಿದ್ದಾರೆ. ಸಮವಸ್ತ್ರ ಬೇಡ ಅಂದರೆ ಬೆಂಗಳೂರಿನಲ್ಲೇ ಬಿಇಎಲ್ ಇದೆ, ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಕೃತಕ ಬುದ್ಧಿಮತ್ತೆ ಮತ್ತು ರೋಬೋಟಿಕ್ಸ್ ಕೇಂದ್ರ ಇದೆ.

ಅದಕ್ಕೆ ಮೊದಲು ನೀವೇ ಒಂದು ಪಾಠ ಮಾಡಬೇಕು ಅಂತ ನನ್ನ ಕೋರಿಕೆ. ನೀವು ವರ್ಷಗಟ್ಟಲೆ ತುಂಬಿದ ಆ ಮೆಸೇಜ್ ಫಾರಂ ಇದೆಯಲ್ಲ, ಅದನ್ನು ಒಂದು ಹಾಳೆಯ ಮೇಲೆ ಗೆರೆ ಎಳೆದು ಅವಳಿಗೆ ತೋರಿಸಿ. ದಿನಾಂಕ ಮತ್ತು ಸಮಯ ಬರೆಯುವ ಡಿಟಿಜಿ. ಎಷ್ಟು ತುರ್ತು ಅಂತ ಹೇಳುವ ಫ್ಲ್ಯಾಶ್, ಇಮಿಡಿಯೆಟ್, ಪ್ರಯಾರಿಟಿ, ರೊಟೀನ್. ಯಾರಿಂದ, ಯಾರಿಗೆ. ಅದರ ಕೆಳಗೆ, ಉತ್ತರ ಕೊಡಬೇಕಿಲ್ಲದಿದ್ದರೂ ವಿಷಯ ಗೊತ್ತಿರಬೇಕಾದವರಿಗೆ ಅಂತ ಬಿಟ್ಟ ‘ಇನ್ಫೋ’ ಸಾಲು. ಆ ಸಾಲಿನಲ್ಲಿ ಯಾರ ಹೆಸರು ಬರೆಯಬೇಕು ಅಂತ ನೀವು ಹೇಗೆ ತೀರ್ಮಾನಿಸುತ್ತಿದ್ದಿರಿ, ಯಾವತ್ತಾದರೂ ಒಂದು ಹೆಸರು ಬಿಟ್ಟುಹೋಗಿ ಏನಾಯಿತು, ಅದನ್ನೂ ಹೇಳಿ. ಅವಳು ಬರೆದುಕೊಂಡರೆ ನಮಗೂ ಒಂದು ಪ್ರತಿ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಖಾಲಿ ಇಟ್ಟಿರುತ್ತೇನೆ.

ಸಂಪಾದಕ